ಹೆಡ್‌ಫೋನ್ ಪ್ಯಾಡಿಗೆ ಹಳೆ ಕೊಡೆಯ ಬಟ್ಟೆ

ಕಳೆದ ಜೂನ್ ತಿಂಗಳ ಒಂದು ಬೆಳಿಗ್ಗೆ ಅಮ್ಮ ನನ್ನ ಮೇಜಿನ ಸುತ್ತ ನೆಲಕ್ಕೆ ಜಿರಳೆ ಓಡಿಸುವ ಚಾಕ್‌ಪೀಸಿನಿಂದ ಗೆರೆ ಎಳೆಯುತ್ತಿದ್ದರು. ಕೇಳಿದರೆ, ದಿನಾ ಗುಡಿಸುವಾಗ ಕುರ್ಚಿಯ ಕೆಳಗೆ ಹಿಕ್ಕೆ ಸಿಗುತ್ತಿದೆ, ಇಲ್ಲೇ ಎಲ್ಲೋ ಗೂಡು ಮಾಡಿಕೊಂಡಿರಬೇಕು ಎಂದರು. ಗುಡಿಸಿಟ್ಟದ್ದನ್ನು ಒಂದು ಕಾಗದದ ಮೇಲೆ ಹಾಕಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಸಾಸಿವೆಗಿಂತ ತುಸು ದೊಡ್ಡದಾದ, ಕಾಗದದಷ್ಟು ತೆಳ್ಳಗಿನ ಕಪ್ಪು ಚೂರುಗಳು. ಒಂದು ಬದಿ ನುಣುಪು, ಇನ್ನೊಂದು ಬದಿ ಮಂಕು. ಅದು ಹಿಕ್ಕೆಯಾಗಿರಲಿಲ್ಲ, ನನ್ನ ಹೆಡ್‌ಫೋನಿನ ಪ್ಯಾಡು ಉದುರಿಸಿದ ಸಿಪ್ಪೆಯಾಗಿತ್ತು. ಕನ್ನಡಿಯಲ್ಲಿ ನೋಡಿಕೊಂಡಾಗ ಅಂಥದೇ ನಾಲ್ಕು ಚೂರುಗಳು ನನ್ನ ಕಿವಿಯ ಹಿಂದೆಯೂ ಅಂಟಿಕೊಂಡಿದ್ದವು.

ನಾನು ಉಡುಪಿಯಲ್ಲಿರುವವನು. ಸಂಜೆ ಕೆಲಸ ಮುಗಿಸಿ ಬಂದ ಮೇಲೆ, ತಂದೆಯವರು ಕೂಡಿಟ್ಟಿದ್ದ ತಾಳಮದ್ದಳೆಯ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಎರಡು ವರ್ಷದಿಂದ ನಡೆದುಬಂದಿರುವ ರೂಢಿ. 90 ನಿಮಿಷದ ಕ್ಯಾಸೆಟ್ಟಿಗೆ ಪೂರ್ತಿ 90 ನಿಮಿಷ ಕೂರಲೇಬೇಕು, ನಡುವೆ ಟೇಪು ಎಲ್ಲಿ ಎಳೆಯಿತು, ಎಲ್ಲಿ ಸುರುಳಿ ಸಿಕ್ಕಿಹಾಕಿಕೊಂಡಿತು ಎಂದು ಕಿವಿಗೊಟ್ಟು ಕೇಳಲೇಬೇಕು. ಆದ್ದರಿಂದ ಹೆಡ್‌ಫೋನು ದಿನಕ್ಕೆ ಕಡಿಮೆಯೆಂದರೂ ಎರಡು ಗಂಟೆ ತಲೆಯ ಮೇಲಿರುತ್ತದೆ. ಐದು ವರ್ಷದ ಹಿಂದೆ 4,200 ರೂಪಾಯಿ ಕೊಟ್ಟು ಕೊಂಡ, ಕಿವಿಯನ್ನು ಪೂರ್ತಿ ಮುಚ್ಚುವ, ವಯರಿರುವ ಹೆಡ್‌ಫೋನು ಅದು. ಸದ್ದಿನಲ್ಲಿ ಇಂದಿಗೂ ಯಾವ ಕೊರತೆಯೂ ಇಲ್ಲ. ಕೆಟ್ಟದ್ದು ಪ್ಯಾಡು ಮಾತ್ರ, ಅದೂ ಎರಡನೆಯ ಸಲ. ಮೊದಲ ಜೋಡಿ ಹಾಳಾದಾಗ ಆನ್‌ಲೈನಿನಲ್ಲಿ 450 ರೂಪಾಯಿಗೆ ಸಿಕ್ಕಿದ ಬೇರೆ ತಯಾರಕರ ಜೋಡಿಯನ್ನು ತರಿಸಿ ಹಾಕಿದ್ದೆ, ಈಗ ಸಿಪ್ಪೆ ಉದುರಿಸುತ್ತಿರುವುದು ಅದೇ. ಮೂಲ ಕಂಪನಿಯ ಪ್ಯಾಡಿಗೆ 1,600 ರೂಪಾಯಿ. ಹೆಡ್‌ಫೋನಿನ ಬೆಲೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಹಣವನ್ನು, ಇನ್ನೆರಡು ಮಳೆಗಾಲಕ್ಕೆ ಮತ್ತೆ ಉದುರುವ ವಸ್ತುವಿಗೆ ಸುರಿಯಲು ಮನಸ್ಸಾಗಲಿಲ್ಲ.

ಉದುರುವುದಕ್ಕೆ ಕಾರಣವನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮದುವೆಗೆಂದು ಕೊಂಡು ಒಂದೆರಡು ಸಲ ಮಾತ್ರ ಹಾಕಿ ಕಪಾಟಿನಲ್ಲಿಟ್ಟ ಶೂಗಳನ್ನು ಮುಂದಿನ ವರ್ಷ ತೆಗೆದು ಮೆಟ್ಟಿದಾಗ ಅಟ್ಟೆ ರಸ್ಕಿನಂತೆ ಪುಡಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ಪ್ಯಾಡಿಗೆ ತಗಲುವುದೂ ಅದೇ ರೋಗ. ಚರ್ಮದಂತೆ ಕಾಣುವ ಈ ಹೊದಿಕೆ ನಿಜವಾದ ಚರ್ಮವಲ್ಲ, ಹೆಣೆದ ಬಟ್ಟೆಯ ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ತೆಳುವಾದ ಪದರವನ್ನು ಎರೆದು ಮಾಡಿದ್ದು. ಅಂಗಡಿಯವರು ಪಿಯು ಲೆದರ್ ಎನ್ನುವುದು ಇದನ್ನೇ. ಗಾಳಿಯಲ್ಲಿರುವ ನೀರಿನ ಆವಿಯೇ ಈ ಪ್ಲಾಸ್ಟಿಕ್ಕಿನ ಕೊಂಡಿಗಳನ್ನು ನಿಧಾನವಾಗಿ ಕಡಿಯುತ್ತ ಹೋಗುತ್ತದೆ, ಅದಕ್ಕೆ ಹೈಡ್ರಾಲಿಸಿಸ್ ಎಂದು ಹೆಸರು. ಸೆಕೆ ಹೆಚ್ಚಿದಷ್ಟೂ ಅದರ ವೇಗ ಹೆಚ್ಚು, ಮೇಲಿಂದ ಬೆವರು ಮತ್ತು ಮೈಯ ಜಿಡ್ಡು ಸೇರಿದರೆ ಇನ್ನೂ ಹೆಚ್ಚು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ, ತಲೆಗೆ ತೆಂಗಿನೆಣ್ಣೆ ಹಚ್ಚಿಕೊಂಡು ಕೂರುವ ನನ್ನಂಥವನ ಕಿವಿಯ ಮೇಲೆ ಪಿಯು ಪ್ಯಾಡು ಎರಡು ವರ್ಷ ಬಾಳಿದ್ದೇ ದೊಡ್ಡದು. ಬಳಸದೆ ಡಬ್ಬಿಯಲ್ಲಿಟ್ಟರೂ ಇದು ಸಾಯುತ್ತದೆಯಾದ್ದರಿಂದ, ಅಗ್ಗಕ್ಕೆ ಸಿಕ್ಕಿತೆಂದು ಎರಡು ಜೋಡಿ ಕೊಂಡಿಡುವ ಜಾಣತನವೂ ಇಲ್ಲಿ ನಡೆಯುವುದಿಲ್ಲ.

ಮೊದಲ ಭಾನುವಾರ ಪ್ಯಾಡುಗಳನ್ನು ಬಿಚ್ಚಿದೆ. ನನ್ನ ಹೆಡ್‌ಫೋನಿನಲ್ಲಿ ಪ್ಯಾಡಿನ ಹಿಂಬದಿಗೆ ಸುಮಾರು ಒಂದು ಸೆಂಟಿಮೀಟರ್ ಅಗಲದ ಮಡಿಕೆಯೊಂದಿದ್ದು, ಅದು ಸ್ಪೀಕರು ಕೂರುವ ಬಟ್ಟಲಿನ ಅಂಚಿನ ಸೀಳಿನೊಳಗೆ ಸಿಕ್ಕಿಕೊಂಡಿರುತ್ತದೆ. ದಿಂಬಿನ ಗವಸನ್ನು ಬಿಚ್ಚುವಂತೆ ಒಂದು ಮೂಲೆಯಿಂದ ಬೆರಳು ತೂರಿಸಿ ಸುತ್ತಲೂ ಎಳೆಯುತ್ತ ಬಂದರೆ ತಾನಾಗಿ ಬರುತ್ತದೆ. ಕೆಲವು ಮಾದರಿಗಳಲ್ಲಿ ಮಡಿಕೆಯ ಬದಲು ಪ್ಲಾಸ್ಟಿಕ್ ಬಳೆಯೊಂದು ಕೊಕ್ಕೆಗಳಿಂದ ಸಿಕ್ಕಿಕೊಂಡಿರುತ್ತದೆ. ಅಂಥದ್ದನ್ನು ಬಲ ಹಾಕಿ ಎಳೆದರೆ ಕೊಕ್ಕೆ ಮುರಿಯುವುದರಿಂದ, ಯಾವ ಬಗೆ ಎಂದು ಮೊದಲು ಇಣುಕಿ ನೋಡುವುದು ಒಳ್ಳೆಯದು.

ಸಿಪ್ಪೆ ತೆಗೆಯುವ ಕೆಲಸಕ್ಕೆ ಇಷ್ಟೊಂದು ತಾಳ್ಮೆ ಬೇಕೆಂದು ಅಂದುಕೊಂಡಿರಲಿಲ್ಲ. ಉಗುರಿನಿಂದ ಕೆರೆದರೆ ಕೈಯೆಲ್ಲ ಕಪ್ಪಾಯಿತೇ ಹೊರತು ಅರ್ಧವೂ ಹೋಗಲಿಲ್ಲ. ಸೆಲ್ಲೋ ಟೇಪು ಅಂಟಿಸಿ ಕಿತ್ತರೆ ಸಡಿಲವಾದದ್ದು ಮಾತ್ರ ಬಂತು. ಕೊನೆಗೆ ಕೆಲಸಕ್ಕೆ ಬಂದದ್ದು ಬಚ್ಚಲಿನಲ್ಲಿದ್ದ ಹೀರೆಕಾಯಿಯ ಒಣ ನಾರು. ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಪ್ಯಾಡನ್ನು ಹತ್ತು ನಿಮಿಷ ನೆನೆಸಿ, ಆ ನಾರಿನಿಂದ ಒಂದೇ ದಿಕ್ಕಿಗೆ ಉಜ್ಜುತ್ತ ಹೋದಾಗ ಕಪ್ಪು ಪದರ ಸುರುಳಿ ಸುರುಳಿಯಾಗಿ ಎದ್ದು ಬಂದು, ಕೆಳಗಿನ ಬೂದು ಬಣ್ಣದ ಹೆಣೆದ ಬಟ್ಟೆ ಕಾಣಿಸಿತು. ತೊಳೆದದ್ದು ಸರಿ, ಒಣಗಿಸುವುದು ಹೇಗೆ? ಒಳಗಿನ ಸ್ಪಂಜು ನೀರು ಕುಡಿದು ಕೂತಿತ್ತು, ಹೊರಗೆ ಜಡಿಮಳೆ. ಹಿಂಡಿದರೆ ಸ್ಪಂಜು ಹರಿದೀತೆಂದು ಟವಲಿನ ನಡುವೆ ಇಟ್ಟು ಅದುಮಿ, ಫ್ಯಾನಿನ ಕೆಳಗೆ ಎರಡು ದಿನ ಬಿಟ್ಟ ಮೇಲೂ ಮುಗ್ಗಲು ವಾಸನೆ ಹೋಗಲಿಲ್ಲ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ ಎಂದು ಹೇಳಬಹುದಿತ್ತು, ಆದರೆ ಇವು ಉದುರುವುದೇ ಮಳೆಗಾಲದಲ್ಲಿ.

ಉಳಿದ ಬೂದು ಬಟ್ಟೆಯ ಮೇಲೆ ಹಳೆಯ ಬನಿಯನ್ನಿನಿಂದ ಕತ್ತರಿಸಿದ ವೃತ್ತವೊಂದನ್ನು ಹೊದಿಸಿ, ಅಂಚಿಗೆ ಎಲಾಸ್ಟಿಕ್ ಪೋಣಿಸಿ, ಸ್ನಾನಕ್ಕೆ ಹಾಕುವ ಟೋಪಿಯಂತೆ ಬಿಗಿದೆ. ನೋಡಲು ಅಚ್ಚುಕಟ್ಟಾಗಿತ್ತು, ಕಿವಿಗೆ ಹಿತವಾಗಿತ್ತು, ಖರ್ಚೂ ಇರಲಿಲ್ಲ. ಕೆಲಸ ಮುಗಿಯಿತೆಂದುಕೊಂಡು ಆ ರಾತ್ರಿ ಕ್ಯಾಸೆಟ್ಟು ಹಾಕಿದೆ. ಭಾಗವತರ ಸ್ವರ ಬಂತು, ಚಂಡೆ ಬಂತು, ಚಕ್ರತಾಳ ಎಂದಿಗಿಂತ ಚುರುಕಾಗಿಯೇ ಬಂತು. ಮದ್ದಳೆ ಬರಲಿಲ್ಲ. ಬರಲಿಲ್ಲವೆಂದರೆ, ಬೆರಳು ಚರ್ಮಕ್ಕೆ ತಾಗುವ ಚಟ್ ಎಂಬ ಸದ್ದಷ್ಟೇ ಇದ್ದು ಅದರ ಹಿಂದಿನ ಗುಂ ಎನ್ನುವ ನಾದ ಇರಲಿಲ್ಲ. ಟೇಪಿನ ದೋಷವಿರಬೇಕೆಂದು ಕ್ಯಾಸೆಟ್ಟು ಬದಲಿಸಿದೆ, ವಯರು ಕಿತ್ತು ಮತ್ತೆ ಚುಚ್ಚಿದೆ. ಬೇಸತ್ತು ಎರಡೂ ಕೈಗಳಿಂದ ತಲೆ ಹಿಡಿದುಕೊಂಡಾಗ ಅಂಗೈಗಳು ಆಕಸ್ಮಿಕವಾಗಿ ಹೆಡ್‌ಫೋನನ್ನು ಸುತ್ತುಗಟ್ಟಿ ಅದುಮಿದವು, ಮದ್ದಳೆ ತಟ್ಟನೆ ಮರಳಿ ಬಂತು. ಕೈ ತೆಗೆದರೆ ಮತ್ತೆ ಮಾಯ.

ಪ್ಯಾಡನ್ನು ನಾನು ಅಲ್ಲಿಯ ತನಕ ಕಿವಿಗೆ ಒಂದು ದಿಂಬು ಎಂದಷ್ಟೇ ತಿಳಿದಿದ್ದೆ. ಅದು ಗೋಡೆ. ಹಿಂಬದಿ ಮುಚ್ಚಿದ ಹೆಡ್‌ಫೋನಿನಲ್ಲಿ ಸ್ಪೀಕರಿನ ಪರದೆ ಕಿವಿಯ ಮುಂದಿನ ಚಿಕ್ಕ ಗಾಳಿಕೋಣೆಯನ್ನು ಒತ್ತಿ ಬಿಡುತ್ತ ಕೆಳಸ್ಥಾಯಿಯ ಸದ್ದನ್ನು ಮುಟ್ಟಿಸುತ್ತದೆ. ಆ ಕೋಣೆಯ ಗೋಡೆಯಲ್ಲಿ ಸೋರಿಕೆಯಾದರೆ ಒತ್ತಡ ನಿಲ್ಲುವುದಿಲ್ಲ. ನಿಧಾನವಾದ ಕಂಪನಗಳಿಗೆ ತಪ್ಪಿಸಿಕೊಳ್ಳಲು ಸಮಯ ಸಿಗುವುದರಿಂದ ಮೊದಲು ಹೋಗುವುದು ಅವೇ. ಚಂಡೆಯ ಏರುದನಿಗೆ ಇದರಿಂದ ಹೆಚ್ಚೇನೂ ಆಗುವುದಿಲ್ಲ. ನಾನು ಎರಡು ಗಂಟೆ ಉಜ್ಜಿ ಉಜ್ಜಿ ತೆಗೆದದ್ದು ಗೋಡೆಯ ಗಾರೆಯನ್ನೇ. ಬನಿಯನ್ ಬಟ್ಟೆಯ ಮೂಲಕ ಗಾಳಿ ಸಲೀಸಾಗಿ ಹೊರಗೆ ಹೋಗುತ್ತಿತ್ತು. ಅಂದಿನಿಂದ ನನ್ನ ಪರೀಕ್ಷೆ ಒಂದೇ: 50 ಹರ್ಟ್ಸಿನ, ಅಂದರೆ ಸೆಕೆಂಡಿಗೆ 50 ಸಲ ಕಂಪಿಸುವ ಕೆಳಸ್ಥಾಯಿಯ, ಒಂದೇ ಸ್ವರವನ್ನು ಸಣ್ಣಗೆ ಹಾಕಿಕೊಂಡು, ಪ್ಯಾಡುಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತುವುದು. ಒತ್ತಿದಾಗ ಸದ್ದು ಏರಿದರೆ ಸೋರಿಕೆ ಇದೆ, ಏರದಿದ್ದರೆ ಇಲ್ಲ.

ಗಾಳಿ ಸೋರದ ಬಟ್ಟೆ ಎಂದರೆ ನನಗೆ ಹೊಳೆದದ್ದು ರೆಕ್ಸಿನ್. ಎರಡನೆಯ ಭಾನುವಾರಕ್ಕೆ ಮೊದಲೇ ಸೀಟ್ ಕವರ್ ಹೊಲಿಯುವ ಅಂಗಡಿಯೊಂದಕ್ಕೆ ಹೋಗಿ ಹಳೆಯ ಪ್ಯಾಡು ತೋರಿಸಿದೆ. ಅಂಗಡಿಯವರು ಅದನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸಿ ನೋಡಿ, “ಇದೆಂತದ್ದು ಮಾರಾಯ್ರೆ, ಯಾವ ಗಾಡಿಯದ್ದು?” ಎಂದರು. ಹೆಡ್‌ಫೋನಿನದೆಂದಾಗ ನಕ್ಕು, ಹೊಲಿದು ಕೊಡುವಷ್ಟು ಪುರುಸೊತ್ತಿಲ್ಲವೆಂದು ಹೇಳಿ, 70 ರೂಪಾಯಿಗೆ ಕಾಲು ಮೀಟರ್ ಕಪ್ಪು ರೆಕ್ಸಿನ್ ಕತ್ತರಿಸಿಕೊಟ್ಟರು. ಮೂಲೆಯಲ್ಲಿ ಬಿದ್ದಿದ್ದ ಫೋಮಿನ ತುಂಡುಗಳಲ್ಲಿ ಬೇಕಾದ್ದನ್ನು ಪುಕ್ಕಟೆಯಾಗಿ ಆರಿಸಿಕೊಳ್ಳಲು ಬಿಟ್ಟರು. ಫೋಮನ್ನು ಅಲ್ಲಿ ಡೆನ್ಸಿಟಿಯ ಲೆಕ್ಕದಲ್ಲಿ ಗುರುತಿಸುತ್ತಾರೆ. ಘನ ಮೀಟರಿಗೆ ಇಷ್ಟು ಕಿಲೋ ಎಂಬುದೇ ಆ ಲೆಕ್ಕ. 40 ಡೆನ್ಸಿಟಿಯದ್ದು ಸೋಫಾಕ್ಕೆ ಸರಿ, ಕಿವಿಗೆ ಗಟ್ಟಿ ಎಂದು ಅವರೇ ಹೇಳಿ 32ರದ್ದನ್ನು ಕೈಗಿತ್ತರು. ರೆಕ್ಸಿನ್ ಎಂಬುದು ಮೊದಲಿಗೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಹೈಡ್ ಎಂಬ ಊರಿನ ಕಾರ್ಖಾನೆಯೊಂದರ ಮುದ್ರೆಯ ಹೆಸರು. ನಮ್ಮಲ್ಲಿ ಇಂದು ಆ ಹೆಸರಿನಲ್ಲಿ ಸಿಗುವುದು ಬಟ್ಟೆಯ ಮೇಲೆ ಪಿವಿಸಿ ಎರೆದ ಸರಕು. ಅದು ಪಿಯುವಿನಂತೆ ಆವಿಗೆ ಕರಗಿ ಉದುರುವುದಿಲ್ಲವೆಂಬುದು ನನಗೆ ಸಾಕಾಗಿತ್ತು.

ಊಟದ ಮೇಜನ್ನು ಹಿಡಿದುಕೊಂಡದ್ದಕ್ಕೆ ಅಮ್ಮ ಗೊಣಗಿದರು. 1910ರಲ್ಲಿ ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ ಅಡುಗೆಮನೆಯಲ್ಲೇ ಹೆಡ್‌ಫೋನು ತಯಾರಿಸಿ ಅಲ್ಲಿನ ನೌಕಾಪಡೆಗೆ ಮಾರುತ್ತಿದ್ದ ಎಂದು ನಾನು ಸಮರ್ಥಿಸಿಕೊಂಡೆ. “ಅವನೂ ಅನ್ನದ ತಪಲೆಯ ಪಕ್ಕದಲ್ಲಿ ಗೋಂದು ಇಟ್ಟುಕೊಳ್ಳುತ್ತಿದ್ದನಾ?” ಎಂದು ಕೇಳಿದ ಅಮ್ಮ, ಆಮೇಲೆ ತಾವೇ ಹೊಲಿಗೆ ಮೆಷಿನ್ನಿನ ಮುಸುಕು ತೆಗೆದರು.

ಅಳತೆಯಲ್ಲಿ ನಾನು ಎಡವಿದೆ. ಹಳೆಯ ಪ್ಯಾಡು ಹೊರಗೆ 10 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ಅಗಲದ ಮೊಟ್ಟೆಯಾಕಾರ. ನಡುವಿನ ಕಂಡಿ 6 ಮತ್ತು 4. ಅದನ್ನೇ ಕಾಗದದ ಮೇಲೆ ಇಟ್ಟು ಪೆನ್ಸಿಲ್ಲಿನಿಂದ ಗೆರೆ ಎಳೆದು, ಗೆರೆಯ ಮೇಲೇ ಕತ್ತರಿಸಿಬಿಟ್ಟೆ. ಹೊಲಿಗೆಗೆ ಅಂಚು ಬಿಡಬೇಕೆಂಬುದು ಹೊಳೆದದ್ದು ಅಮ್ಮ ಆ ತುಂಡನ್ನು ಹಿಡಿದು, “ಇದರಲ್ಲಿ ಎಲ್ಲಿ ಹೊಲಿಯಲಿ?” ಎಂದಾಗ. ಎರಡನೆಯ ಸಲ ಸುತ್ತಲೂ 6 ಮಿಲಿಮೀಟರ್ ಬಿಟ್ಟೆ. ಬದಿಯ ಪಟ್ಟಿ ಎಷ್ಟು ಉದ್ದವಿರಬೇಕೆಂದು ನಾನು ಮೊಬೈಲಿನಲ್ಲಿ ಸೂತ್ರ ಹುಡುಕಿ ಲೆಕ್ಕ ಹಾಕುತ್ತಿರುವಾಗ ಅಮ್ಮ ಪ್ಯಾಡಿನ ಸುತ್ತ ಒಂದು ದಾರ ಸುತ್ತಿ, ಅದನ್ನು ಟೇಪಿನ ಮೇಲೆ ಬಿಡಿಸಿ, ಇಪ್ಪತ್ತೆಂಟೂವರೆ ಎಂದರು. ನನ್ನ ಸೂತ್ರ ಆಮೇಲೆ 28.4 ಎಂದು ಹೇಳಿತು.

ರೆಕ್ಸಿನ್ ಹೊಲಿಯುವಾಗ ನೆನಪಿಡಬೇಕಾದ ಎರಡು ಸಂಗತಿಗಳನ್ನು ನಾನು ಕಲಿತದ್ದು ಅವರಿಂದಲೇ. ಹೊಲಿಗೆ ಸಣ್ಣದಾದರೆ ಸೂಜಿಯ ತೂತುಗಳು ಒತ್ತೊತ್ತಾಗಿ ಬಿದ್ದು, ಅಂಚೆಚೀಟಿ ಹರಿಯುವಂತೆ ಆ ಸಾಲಿನಲ್ಲೇ ಹರಿಯುತ್ತದೆ, ಆದ್ದರಿಂದ 3 ಮಿಲಿಮೀಟರಿಗಿಂತ ಕಡಿಮೆ ಹೊಲಿಗೆ ಇಡಬಾರದು. ನುಣುಪು ಬದಿ ಮೆಷಿನ್ನಿನ ಪಾದಕ್ಕೆ ಅಂಟಿಕೊಂಡು ಮುಂದೆ ಸರಿಯದಿದ್ದರೆ ಮೇಲೊಂದು ತುಂಡು ದಿನಪತ್ರಿಕೆ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಬೇಕು. ಹೊರ ಅಂಚನ್ನು ಮೆಷಿನ್ನಿನಲ್ಲಿ ಹೊಲಿದರು, ಮೆಷಿನ್ನಿಗೆ ಸಿಗದ ಒಳ ಕಂಡಿಯ ಅಂಚನ್ನು ನಾನು ಕೈಯಲ್ಲಿ ಹೊಲಿದೆ. ಫೋಮನ್ನು ಕತ್ತರಿಯಿಂದ ಕತ್ತರಿಸಿದರೆ ಅಂಚು ಓರೆಯಾಗಿ ಸೊಟ್ಟಗಾಗುತ್ತದೆ. ಹೊಸ ಬ್ಲೇಡು ಹಾಕಿದ ಕಟ್ಟರನ್ನು ಪೂರ್ತಿ ಹೊರಗೆ ಎಳೆದು, ಫೋಮನ್ನು ಒತ್ತಿ ಹಿಡಿಯದೆ, ಗರಗಸದಂತೆ ಹಗುರವಾಗಿ ಎಳೆದರೆ ನೆಟ್ಟಗೆ ಬರುತ್ತದೆ. ಹಳೆಯ ಸ್ಪಂಜು ತಗ್ಗಿ 12 ಮಿಲಿಮೀಟರಿಗೆ ಇಳಿದಿತ್ತು, ನಾನು 20 ಇಟ್ಟೆ.

ಆ ಸಂಜೆ ಒಂದು ಅನಾಹುತ ಕೂದಲೆಳೆಯಲ್ಲಿ ತಪ್ಪಿತು. ಒಳ ಅಂಚಿಗೆ ಇನ್ನೊಂದು ಹೊಲಿಗೆ ಬೇಕೆನಿಸಿ, ಪ್ಯಾಡನ್ನು ಹೆಡ್‌ಫೋನಿಗೆ ಸಿಕ್ಕಿಸಿದ ಮೇಲೆಯೇ ಸೂಜಿ ಹಿಡಿದು ಬಗ್ಗಿದೆ. ಸೂಜಿ ಬೆರಳಿನಿಂದ ಜಾರಿದ್ದು ಕೆಳಗೆ ಬೀಳಲಿಲ್ಲ. ಟಿಕ್ ಎಂದು ಸ್ಪೀಕರಿನ ಮೇಲಿನ ಜಾಲರಿಗೆ ಅಂಟಿ ನೆಟ್ಟಗೆ ನಿಂತುಕೊಂಡಿತು. ಸ್ಪೀಕರಿನ ಹಿಂದಿರುವ ಅಯಸ್ಕಾಂತ ನನಗೆ ಮರೆತೇ ಹೋಗಿತ್ತು. ಜಾಲರಿಯ ತೂತಿನೊಳಗೆ ಸೂಜಿಯ ಮೊನೆ ಅರ್ಧ ಇಂಚು ಹೋಗಿದ್ದರೆ, ಪೊರೆಯಷ್ಟು ತೆಳುವಾದ ಪರದೆ ಹರಿದು ನನ್ನ ಉಳಿತಾಯವೆಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಉಸಿರು ಬಿಗಿಹಿಡಿದು, ಚಿಮಟದಿಂದ ಓರೆಯಾಗಿ ಎಳೆದು ತೆಗೆದೆ. ಆಮೇಲಿಂದ ಸೂಜಿ, ಗುಂಡುಪಿನ್ನು, ಕತ್ತರಿ ಇರುವ ಮೇಜಿಗೆ ಹೆಡ್‌ಫೋನನ್ನು ತಂದಿಲ್ಲ. ಅದು ಬೇರೆ ಕೋಣೆಯಲ್ಲಿ ಬಟ್ಟೆ ಹೊದ್ದು ಕೂರುತ್ತದೆ.

ರೆಕ್ಸಿನ್ ಪ್ಯಾಡು ಹಾಕಿಕೊಂಡಾಗ ಮದ್ದಳೆ ಗಟ್ಟಿಯಾಗಿಯೇ ಬಂತು. ಆದರೆ ಅರ್ಧ ಗಂಟೆಯಲ್ಲಿ ಕಿವಿಯ ಸುತ್ತ ಬೆವರು ಹನಿಯಾಗಿ ಇಳಿಯತೊಡಗಿತು, ದವಡೆ ಅಲುಗಿಸಿದಾಗಲೆಲ್ಲ ಹೊಸ ಚಪ್ಪಲಿಯಂತೆ ಕಿರ್ರ್ ಎನ್ನುವುದು ಕೇಳಿಸಿತು, ಕನ್ನಡಕದ ಕಡ್ಡಿ ಹಾದುಹೋಗುವಲ್ಲಿ ಬಿರುಸಾದ ರೆಕ್ಸಿನ್ ಬಾಗದೆ ಸಂದು ಬಿಟ್ಟಿತು. ಸೀಟಿಗೆ ಹಾಕುವ ಸರಕನ್ನು ಕೆನ್ನೆಗೆ ಹಾಕಿದರೆ ಇನ್ನೇನಾದೀತು? ಒಳ ಅಂಚಿನಲ್ಲಿ ದಾರದ ಗಂಟು ಬಿಚ್ಚದಿರಲೆಂದು ತಟ್ಟನೆ ಅಂಟುವ ಗೋಂದನ್ನು ಒಂದು ಹನಿ ಬಿಟ್ಟಿದ್ದೆ, ಅದು ಒಣಗಿ ಗಾಜಿನ ಚೂರಿನಂತಾಗಿ ಕಿವಿಯ ಹಾಲೆಗೆ ಚುಚ್ಚುತ್ತಿತ್ತು. ಅದನ್ನು ಕತ್ತರಿಸಿ ತೆಗೆಯುವಾಗ ಹೊಲಿಗೆಯೂ ಹೋಯಿತು.

ಬೇಕಾದದ್ದು ಗಾಳಿ ಬಿಡದ, ತೆಳ್ಳಗಿನ, ಮಡಿಸಿದರೆ ಮಡಿಯುವ ಬಟ್ಟೆ. ವಾರವಿಡೀ ಯೋಚಿಸುತ್ತಿದ್ದೆ, ಉತ್ತರ ಜಗಲಿಯ ಮೂಲೆಯಲ್ಲೇ ಒರಗಿ ನಿಂತಿತ್ತು. ಕಳೆದ ವರ್ಷದ ಗಾಳಿಗೆ ಕಡ್ಡಿ ಮುರಿದ ಕೊಡೆ. ನೀರು ಇಳಿಯಬಾರದೆಂದು ಒತ್ತಾಗಿ ನೇಯ್ದು ಲೇಪ ಕೊಟ್ಟ ಆ ಬಟ್ಟೆಯನ್ನು ಬಾಯಿಗೆ ಒತ್ತಿ ಊದಿ ನೋಡಿದೆ, ಉಸಿರು ಆಚೆ ಹೋಗಲಿಲ್ಲ. ಬನಿಯನ್ ಬಟ್ಟೆಗೆ ಹಾಗೆಯೇ ಊದಿದರೆ ಅಂಗೈಗೆ ಬಿಸಿಗಾಳಿ ತಾಗುತ್ತಿತ್ತು. ಪ್ಯಾಡಿಗೆ ಬಟ್ಟೆ ಆರಿಸುವವರಿಗೆ ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಗೊತ್ತಿಲ್ಲ.

ಮೂರನೆಯ ಭಾನುವಾರ ರೆಕ್ಸಿನ್ನಿನ ಅದೇ ಅಳತೆಯಲ್ಲಿ ಕೊಡೆಯ ಬಟ್ಟೆಯನ್ನು ಕತ್ತರಿಸಿ, ಮುಖ, ಹೊರಬದಿ ಮತ್ತು ಹಿಂದಿನ ಮಡಿಕೆಗೆ ಅದನ್ನೇ ಹೊಲಿದೆವು. ಒಳಬದಿಯ ಗೋಡೆಗೆ, ಅಂದರೆ ಕಂಡಿಯ ಸುತ್ತಲಿನ ಪಟ್ಟಿಗೆ ಮಾತ್ರ ಬೇಕೆಂದೇ ಬನಿಯನ್ ಬಟ್ಟೆ ಹಾಕಿದೆ. ಎಲ್ಲ ಕಡೆ ಮುಚ್ಚಿಬಿಟ್ಟರೆ ಫೋಮಿನೊಳಗಿನ ಗಾಳಿಗೆ ದಾರಿ ಸಿಗದೆ ಪ್ಯಾಡು ಬಲೂನಿನಂತೆ ಬಿಗಿದು ನಿಲ್ಲುತ್ತದೆ. ಒಳಬದಿ ತೆರೆದಿದ್ದರೆ ಗಾಳಿ ಕಿವಿಯ ಕೋಣೆಗೇ ಬರುತ್ತದೆಯಾದ್ದರಿಂದ ಹೊರಗೆ ಸೋರಿದಂತಾಗುವುದಿಲ್ಲ. ಇದರ ಮೇಲೆ, ಮೊದಲ ವಾರ ವ್ಯರ್ಥವಾಯಿತೆಂದು ಮೂಲೆಗೆ ಎಸೆದಿದ್ದ ಬನಿಯನ್ನಿನ ಟೋಪಿಯನ್ನು ತೊಡಿಸಿ, ನಡುವಿನ ಕಂಡಿಯ ಮೇಲೆ ಬರುವ ಭಾಗವನ್ನು ಕತ್ತರಿಸಿ ತೆಗೆದೆ. ಬೆವರನ್ನು ಅದು ಹೀರಿಕೊಳ್ಳುತ್ತದೆ, ಕೊಡೆಯ ಬಟ್ಟೆಯ ಸರಸರ ಸದ್ದು ಅದರ ಕೆಳಗೆ ಅಡಗುತ್ತದೆ. ಗೋಂದು ಎಲ್ಲಿಯೂ ಬಳಸಲಿಲ್ಲ. ಜಾಲರಿಯ ಸುತ್ತ ಕೆಲವು ಹೆಡ್‌ಫೋನುಗಳಲ್ಲಿ ಸದ್ದು ಹದಗೊಳಿಸಲೆಂದೇ ಸಣ್ಣ ತೂತುಗಳಿರುತ್ತವೆ, ಗೋಂದು ಹರಿದು ಅವು ಮುಚ್ಚಿದರೆ ಸದ್ದೇ ಬೇರೆಯಾಗುತ್ತದೆ.

ಮಡಿಕೆಯನ್ನು ಅಂಚಿನ ಸೀಳಿಗೆ ಸೇರಿಸುವುದು ಬಿಚ್ಚಿದಷ್ಟು ಸಲೀಸಾಗಿರಲಿಲ್ಲ. ಒಂದು ಬದಿ ಕೂರಿಸಿದರೆ ಇನ್ನೊಂದು ಬದಿ ಹಾರುತ್ತಿತ್ತು. ಕೊನೆಗೆ ಅವಧಿ ಮುಗಿದ ಎಟಿಎಂ ಕಾರ್ಡಿನ ಮೂಲೆಯಿಂದ ಮಡಿಕೆಯನ್ನು ಒಳಗೆ ತಳ್ಳುತ್ತ, ಸೈಕಲ್ ಟಯರನ್ನು ರಿಮ್ಮಿಗೆ ಏರಿಸುವಂತೆ ಸುತ್ತಲೂ ಬಂದಾಗ ಕೂತಿತು. ಒಂದು ಪ್ಯಾಡಿಗೆ ಹತ್ತು ನಿಮಿಷ ಹಿಡಿಯಿತು.

50 ಹರ್ಟ್ಸ್ ಹಾಕಿ ಅಂಗೈ ಒತ್ತಿದಾಗ ಸದ್ದು ತೀರಾ ಸ್ವಲ್ಪ ಏರಿತು. ಪಿಯು ಪ್ಯಾಡು ಹೊಸದಿದ್ದಾಗಿನಷ್ಟು ಭದ್ರ ಇದಲ್ಲ. ಹೊಲಿಗೆಯ ತೂತುಗಳಿಂದ, ಕೆನ್ನೆಗೆ ತಾಗುವ ಬನಿಯನ್ ಬಟ್ಟೆಯ ಸಂದಿನಿಂದ ಅಷ್ಟಿಷ್ಟು ಹೋಗುತ್ತದೆ. ಕಾರಿನಲ್ಲೋ ಬಸ್ಸಿನಲ್ಲೋ ಕೇಳುವವರಿಗೆ ಹೊರಗಿನ ಗದ್ದಲವೂ ತುಸು ಹೆಚ್ಚಾಗಿ ಒಳಗೆ ಬಂದೀತು, ಗದ್ದಲವನ್ನು ವಿದ್ಯುನ್ಮಾನದಿಂದ ತಗ್ಗಿಸುವ ಬಗೆಯ ಹೆಡ್‌ಫೋನಿಗೆ ಇಂಥ ಪ್ಯಾಡನ್ನು ನಾನು ಹಾಕಲಾರೆ. ಮನೆಯೊಳಗೆ ಕುಳಿತು ಮದ್ದಳೆಯ ಎಡ ಬಲಗಳನ್ನು ಬೇರೆ ಬೇರೆಯಾಗಿ ಕೇಳಿಸಿಕೊಳ್ಳುವುದಕ್ಕೆ ಇಷ್ಟು ಸಾಲುತ್ತದೆ.

ರೆಕ್ಸಿನ್ನಿಗೆ 70, ದಾರ ಮತ್ತು ದಪ್ಪ ಸೂಜಿಗೆ 25, ಎಲಾಸ್ಟಿಕ್ಕಿಗೆ 10, ಚುಚ್ಚಿದ ಆ ಗೋಂದಿಗೆ 10, ಒಟ್ಟು 115 ರೂಪಾಯಿ ಆಯಿತು. ಇದರಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು 35 ರೂಪಾಯಿಯದ್ದು. ಉಳಿದ ರೆಕ್ಸಿನ್ನಿನಿಂದ ಅಮ್ಮ ಕನ್ನಡಕಕ್ಕೊಂದು ಚೀಲ ಹೊಲಿದುಕೊಂಡಿದ್ದಾರೆ. ಬನಿಯನ್ನಿನ ಹೊದಿಕೆಯನ್ನು ಹದಿನೈದು ದಿನಕ್ಕೊಮ್ಮೆ ಬಿಚ್ಚಿ ಒಗೆಯುತ್ತೇನೆ, ಎಣ್ಣೆಯ ಕಲೆ ಅದರಲ್ಲೇ ನಿಲ್ಲುತ್ತದೆ. ಎಂಟು ತಿಂಗಳಾಗಿವೆ, ಮೇಜಿನ ಕೆಳಗೆ ಏನೂ ಉದುರಿಲ್ಲ. ನಾನು ಕೈಯಲ್ಲಿ ಹೊಲಿದ ಎಡದ ಪ್ಯಾಡಿನ ಒಳ ಅಂಚು ಒಂದು ಕಡೆ ಸೊಟ್ಟಗಾಗಿ ಉಬ್ಬಿಕೊಂಡಿದೆ. ಎಡ ಯಾವುದು, ಬಲ ಯಾವುದು ಎಂದು ಕತ್ತಲಲ್ಲಿ ತಡಕಾಡುವಾಗ ಬೆರಳಿಗೆ ಸಿಗುವುದು ಅದೇ.